ಸಂಗಾತಿಗೆ ಎಸ್‌ಎಸ್‌ಎನ್ ಇಲ್ಲದಾಗ ಅಮೆರಿಕದ ಟ್ಯಾಕ್ಸ್ ಸಾಫ್ಟ್‌ವೇರ್

ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಬೆಂಗಳೂರಿಗೋ ಮೈಸೂರಿಗೋ ಬಂದು ನೆಲೆಸಿದವರು, ಸಂಬಳ ರೂಪಾಯಿಯಲ್ಲೇ ಬಂದರೂ, ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಲೆಕ್ಕ ಒಪ್ಪಿಸಲೇಬೇಕು. ಮದುವೆಯಾಗಿ ಬೇರೆಬೇರೆಯಾಗಿ ಫೈಲ್ ಮಾಡುವವರಿಗಂತೂ ವರ್ಷದ ಆದಾಯ 5 ಡಾಲರ್ ಮುಟ್ಟಿದರೆ ಸಾಕು. ತಮಾಷೆಯಲ್ಲ, ನಿಯಮದಲ್ಲಿರುವ ಮೊತ್ತವೇ ಅದು. ಯಾವ ಸಾಫ್ಟ್‌ವೇರ್ ತಗೊಳ್ಳಲಿ ಎಂದು ಕೇಳಿದರೆ ಎಲ್ಲರೂ ಬೆಲೆ ಹೇಳುತ್ತಾರೆ. ಸಂಗಾತಿ ಭಾರತದ ಪ್ರಜೆಯಾಗಿದ್ದರೆ ಬೆಲೆ ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಒಂದೇ ಖಾನೆ: ಸಂಗಾತಿಯ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್.

ಅಮೆರಿಕದಲ್ಲಿ ಎಂದೂ ಕೆಲಸ ಮಾಡದ ಗಂಡನಿಗೋ ಹೆಂಡತಿಗೋ ಸಾಮಾನ್ಯವಾಗಿ ಈ ನಂಬರ್ ಇರುವುದಿಲ್ಲ. ಬೇರೆಯಾಗಿ ಫೈಲ್ ಮಾಡುವಾಗ ಬೇಕಾಗುವುದೂ ಇಲ್ಲ. ಆ ಜಾಗದಲ್ಲಿ ‘ಎನ್‌ಆರ್‌ಎ’, ಅಂದರೆ ನಾನ್ ರೆಸಿಡೆಂಟ್ ಏಲಿಯನ್, ಎಂದು ಬರೆದರಾಯಿತು. ರಿಟರ್ನ್‌ನ ಮುಖ್ಯ ಫಾರ್ಮ್ ಆದ 1040ರ ಸೂಚನೆಯೇ ಹಾಗಿದೆ, ಐಆರ್‌ಎಸ್‌ನ ಇ-ಫೈಲ್ ವ್ಯವಸ್ಥೆಯೂ ಇದನ್ನು ಒಪ್ಪುತ್ತದೆ. ತಕರಾರು ತೆಗೆಯುವುದು ಸಾಫ್ಟ್‌ವೇರ್. ಅಮೆರಿಕದೊಳಗಿನವರಿಗೆಂದು ಮಾಡಿದ ಪ್ಯಾಕೇಜುಗಳಲ್ಲಿ ಒಂಬತ್ತು ಅಂಕಿ ತುಂಬದೆ ಮುಂದಿನ ಪುಟಕ್ಕೆ ಬಿಡದವು ಇವೆ. ಆಗ ಕೆಲವರು 999-99-9999 ಒತ್ತಿ ಕಳಿಸುತ್ತಾರೆ. ರಿಟರ್ನ್ ರಿಜೆಕ್ಟ್ ಆಗಿ ವಾಪಸ್ ಬರುತ್ತದೆ. ಇನ್ನು ಕೆಲವರು ‘ಸಿಂಗಲ್’ ಎಂದು ಗುರುತು ಹಾಕಿಬಿಡುತ್ತಾರೆ. ಇದು ರಿಜೆಕ್ಟ್ ಆಗುವುದಿಲ್ಲ, ಅಪಾಯ ಇರುವುದೇ ಅಲ್ಲಿ: ಸುಳ್ಳು ಹೇಳಿಕೆಗೆ ಸಹಿ ಹಾಕಿದಂತಾಗುತ್ತದೆ. ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಹಾಕಿಕೊಂಡಿದ್ದರೆ ಪ್ರಿಂಟ್ ತೆಗೆದು, ಸುಳ್ಳು ನಂಬರ್ ಉಳಿಯದಂತೆ ನೋಡಿಕೊಂಡು, ಕೈಯಲ್ಲಿ ಎನ್‌ಆರ್‌ಎ ಬರೆದು ಅಂಚೆಗೆ ಹಾಕಿ.

ಜಂಟಿಯಾಗಿ ಫೈಲ್ ಮಾಡುವ ದಾರಿಯೂ ಇದೆ. 2025ರ ಆದಾಯಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆಯಾಗಿದ್ದರೆ 15,750 ಡಾಲರ್, ಜಂಟಿಯಾಗಿದ್ದರೆ 31,500. ಈ ಎರಡು ಅಂಕಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದಕ್ಕೆ ಅಲ್ಲಿನ ತೆರಿಗೆ ಕಾನೂನಿನ ಸೆಕ್ಷನ್ 6013(ಜಿ) ಪ್ರಕಾರ ಇಬ್ಬರೂ ಸಹಿ ಹಾಕಿದ ಹೇಳಿಕೆ ಲಗತ್ತಿಸಬೇಕು, ಅಲ್ಲಿಂದ ಸಂಗಾತಿಯ ಸಂಬಳ, ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲವೂ ಅಮೆರಿಕದ ಲೆಕ್ಕಕ್ಕೆ ಬರುತ್ತವೆ. ಎಸ್‌ಎಸ್‌ಎನ್ ಇಲ್ಲದವರಿಗೆ ಅದರ ಬದಲು ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ, ಐಟಿಐಎನ್, ಬೇಕು. ಅದರ ಡಬ್ಲ್ಯು-7 ಅರ್ಜಿ ರಿಟರ್ನ್ ಜೊತೆಗೇ, ಕಾಗದದಲ್ಲಿ, ಟೆಕ್ಸಸ್‌ನ ಆಸ್ಟಿನ್‌ಗೆ ಹೋಗುತ್ತದೆ. ಅದರೊಂದಿಗೆ ಅಸಲಿ ಪಾಸ್‌ಪೋರ್ಟ್, ಇಲ್ಲವೇ ಅದನ್ನು ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಇರಬೇಕು. ನಮ್ಮ ನೋಟರಿ ಸೀಲು ನಡೆಯುವುದಿಲ್ಲ. ಹೀಗಾಗಿ ಮೊದಲ ವರ್ಷ ಇ-ಫೈಲ್ ಮಾತೇ ಇಲ್ಲ. ಒಮ್ಮೆ ರದ್ದು ಮಾಡಿದರೆ ಇದೇ ಆಯ್ಕೆ ಮತ್ತೆ ಸಿಗುವುದೂ ಇಲ್ಲ. ಸಂಗಾತಿಗೆ ಸ್ವಂತ ಸಂಪಾದನೆ ಇದ್ದರೆ ಇದರ ಗೊಡವೆ ಬೇಡ.

ಅಮೆರಿಕನ್ ಪ್ರಜೆಯಾದ ಮಗು ಮನೆಯಲ್ಲಿದ್ದು, ಮನೆಖರ್ಚಿನ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿದ್ದರೆ ‘ಹೆಡ್ ಆಫ್ ಹೌಸ್‌ಹೋಲ್ಡ್’ (ಮನೆ ನಡೆಸುವವರು) ಎಂಬ ಫೈಲಿಂಗ್ ವರ್ಗ ಸಿಗಬಹುದು, ಡಿಡಕ್ಷನ್ 23,625. ಸಂಗಾತಿ ಎನ್‌ಆರ್‌ಎ ಆಗಿರುವುದು ಲಾಭವಾಗುವ ಅಪರೂಪದ ಜಾಗ ಇದು. ‘ಮದುವೆಯಾಗಿದೆ’ ಎಂದು ಒತ್ತಿದ ಕೂಡಲೇ ಈ ಆಯ್ಕೆಯನ್ನೇ ಮುಚ್ಚಿಬಿಡುವ ಸಾಫ್ಟ್‌ವೇರನ್ನು ಅಲ್ಲೇ ಬಿಟ್ಟುಬಿಡಿ.

ಇನ್ನು ನಿಜವಾದ ಲೆಕ್ಕ. ಫಾರ್ಮ್ 2555 ನಿಮ್ಮ 2025ರ ದುಡಿಮೆಯ ಆದಾಯದಲ್ಲಿ 1,30,000 ಡಾಲರ್‌ವರೆಗೆ ಹೊರಗಿಡುತ್ತದೆ. ಬಡ್ಡಿ, ಬಾಡಿಗೆ, ಷೇರಿನ ಲಾಭ ಅದರಲ್ಲಿ ಸೇರುವುದಿಲ್ಲ. ಫಾರ್ಮ್ 1116 ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಸುತ್ತದೆ. ಉದಾಹರಣೆಗೆ 40 ಲಕ್ಷ ಸಂಬಳ, ಡಾಲರಿಗೆ 87 ರೂಪಾಯಿ ಎಂದಿಟ್ಟುಕೊಳ್ಳಿ. 2025-26ರ ಹೊಸ ಪದ್ಧತಿಯಲ್ಲಿ ಇಲ್ಲಿನ ತೆರಿಗೆ ಸೆಸ್ ಸೇರಿ 7,87,800 ರೂಪಾಯಿ, ಅಂದರೆ ಸುಮಾರು 9,050 ಡಾಲರ್. ಬೇರೆಯಾಗಿ ಫೈಲ್ ಮಾಡಿದರೆ ಅದೇ ಸಂಬಳಕ್ಕೆ ಅಮೆರಿಕದ ತೆರಿಗೆ ಸುಮಾರು 3,400. ಏಪ್ರಿಲ್-ಮಾರ್ಚ್ ವರ್ಷವನ್ನು ಜನವರಿ-ಡಿಸೆಂಬರ್‌ಗೆ ಹೊಂದಿಸುವ ತಲೆನೋವು ಬದಿಗಿಟ್ಟರೆ, 1116 ಒಂದರಿಂದಲೇ ಬಾಕಿ ಸೊನ್ನೆ, ಮಿಕ್ಕ ಕ್ರೆಡಿಟ್ 10 ವರ್ಷ ಮುಂದಕ್ಕೆ ಹೋಗುತ್ತದೆ. ಸಂಬಳ 12.75 ಲಕ್ಷದೊಳಗಿದ್ದರೆ ಇಲ್ಲಿ ತೆರಿಗೆಯಿಲ್ಲ, ವಜಾ ಮಾಡಿಸಲು ಏನೂ ಇಲ್ಲ. ಆದರೆ ಆ ಮೊತ್ತ 15,750 ಡಾಲರ್‌ಗಿಂತ ಕಡಿಮೆಯಾದ್ದರಿಂದ ಬೇರೆ ಆದಾಯವಿಲ್ಲದವರಿಗೆ ಎರಡು ಫಾರ್ಮೂ ಬೇಡ.

ಸಾಫ್ಟ್‌ವೇರ್ ಮಾತ್ರ ‘ವಿದೇಶದಲ್ಲಿದ್ದೀರಾ?’ ಎಂದು ಕೇಳಿ, ಹೌದು ಎಂದರೆ ಸೀದಾ 2555ಕ್ಕೆ ತಳ್ಳಿಬಿಡಬಹುದು. ಎಚ್ಚರ. ಒಮ್ಮೆ ಅದನ್ನು ಆಯ್ದು ಆಮೇಲೆ ಕೈಬಿಟ್ಟರೆ ಐಆರ್‌ಎಸ್ ಅನುಮತಿಯಿಲ್ಲದೆ ಐದು ವರ್ಷ ಮತ್ತೆ ಆಯ್ಕೆ ಮಾಡುವಂತಿಲ್ಲ. 2555 ಹಾಕಿದ ವರ್ಷ ಮಕ್ಕಳ ಕ್ರೆಡಿಟ್‌ನಲ್ಲಿ ಕೈಗೆ ವಾಪಸ್ ಬರುವ ಭಾಗವೂ ಹೋಗುತ್ತದೆ. ಫ್ರೀಲ್ಯಾನ್ಸ್ ಮಾಡುವವರು ಶೆಡ್ಯೂಲ್ ಎಸ್‌ಇ ಬಂದಿದೆಯೇ ನೋಡಿಕೊಳ್ಳಿ: ಭಾರತ-ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದವಿಲ್ಲ, 15.3 ಶೇಕಡಾ ಸ್ವಯಂ ಉದ್ಯೋಗ ತೆರಿಗೆಯನ್ನು 2555 ತಪ್ಪಿಸುವುದಿಲ್ಲ.

ನಿಮ್ಮ ಹೆಸರಲ್ಲಿ ಇಲ್ಲಿನ ಮ್ಯೂಚುವಲ್ ಫಂಡ್ ಎಸ್‌ಐಪಿ ಇದ್ದರೆ ಕಥೆಯೇ ಬೇರೆ. ಅಮೆರಿಕದ ಕಣ್ಣಿಗೆ ಅವು ಪಿಎಫ್‌ಐಸಿ, ಅಂದರೆ ಪ್ರತ್ಯೇಕ ನಿಯಮಗಳಿರುವ ವಿದೇಶಿ ಹೂಡಿಕೆ ಕಂಪನಿಗಳು. ಒಂದೊಂದು ಫಂಡಿಗೂ ಒಂದೊಂದು ಫಾರ್ಮ್ 8621. ಒಟ್ಟು ಮೌಲ್ಯ 25,000 ಡಾಲರ್ ಒಳಗಿದ್ದು, ಮಾರಾಟ, ಡಿವಿಡೆಂಡ್ ಏನೂ ಇಲ್ಲದಿದ್ದರೆ ವಿನಾಯಿತಿ ಉಂಟು. ಅದನ್ನು ಮೀರಿದರೆ ಸಾಫ್ಟ್‌ವೇರ್ ಹುಡುಕುವುದನ್ನು ಬಿಟ್ಟು, ಈ ಫಾರ್ಮ್ ಮಾಡಿ ಗೊತ್ತಿರುವ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಅಥವಾ ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಪರವಾನಗಿ ಪಡೆದ ತೆರಿಗೆ ತಜ್ಞ) ಹುಡುಕಿ.

ವಿದೇಶಿ ಖಾತೆಗಳ ವರದಿಯಾದ ಎಫ್‌ಬಿಎಆರ್‌ಗೆ ದುಡ್ಡು ಕೊಡಬೇಡಿ. ವಿದೇಶಿ ಖಾತೆಗಳ (ಅಮೆರಿಕದ ಲೆಕ್ಕದಲ್ಲಿ ಭಾರತದ ಖಾತೆಗಳೂ ವಿದೇಶಿಯೇ) ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ಮೀರಿದ್ದರೆ ಅಮೆರಿಕ ಸರ್ಕಾರದ ಸಂಸ್ಥೆಯಾದ ಫಿನ್‌ಸೆನ್‌ನ ಬಿಎಸ್‌ಎ ಜಾಲತಾಣದಲ್ಲೇ ಉಚಿತವಾಗಿ ತುಂಬಬಹುದು. ಗಂಡ-ಹೆಂಡತಿಯ ಜಂಟಿ ಖಾತೆಯಲ್ಲಿ ಅರ್ಧವಲ್ಲ, ಪೂರ್ತಿ ಮೊತ್ತ ತೋರಿಸಬೇಕು.

ಆಯ್ಕೆಗೆ ಬಂದರೆ: ಎಕ್ಸ್‌ಪ್ಯಾಟ್‌ಫೈಲ್, ಮೈಎಕ್ಸ್‌ಪ್ಯಾಟ್‌ಟ್ಯಾಕ್ಸಸ್ ಹೊರದೇಶದಲ್ಲಿರುವವರಿಗೆಂದೇ ಕಟ್ಟಿದವು, ಟರ್ಬೋಟ್ಯಾಕ್ಸ್ ಥರದವು ಮುಖ್ಯವಾಗಿ ಅಲ್ಲೇ ಇರುವವರಿಗೆ. ಐಆರ್‌ಎಸ್‌ನ ಫ್ರೀ ಫೈಲ್ ಫಿಲಬಲ್ ಫಾರ್ಮ್ಸ್‌ಗೆ ಆದಾಯದ ಮಿತಿಯಿಲ್ಲ, ಆದರೆ ಕೂಡಿ ಕಳೆಯುವುದರಾಚೆಗೆ ಸಹಾಯವೂ ಇಲ್ಲ. ಯಾವುದೇ ಆಗಲಿ, ದುಡ್ಡು ಕಟ್ಟುವ ಮೊದಲು ಅರ್ಧ ಗಂಟೆ ಪರೀಕ್ಷಿಸಿ. ಪಿನ್ ಕೋಡ್ ಸಹಿತ ಭಾರತದ ವಿಳಾಸ ಹಿಡಿಯುತ್ತದೆಯೇ? +91 ನಂಬರಿಗೆ ಒಟಿಪಿ ಬರುತ್ತದೆಯೇ? ಸಂಗಾತಿಯ ಖಾನೆ ಎನ್‌ಆರ್‌ಎ ಒಪ್ಪುತ್ತದೆಯೇ? ಫಾರ್ಮ್ 16ರ ಸಂಬಳವನ್ನು ಡಬ್ಲ್ಯು-2 (ಅಮೆರಿಕದ ಕಂಪನಿ ಕೊಡುವ ಸಂಬಳದ ಫಾರ್ಮ್) ಎಂದು ನಟಿಸದೆ, ಕಂಪನಿಯ ಇಐಎನ್ (ಅಮೆರಿಕದ ತೆರಿಗೆ ಸಂಖ್ಯೆ) ಇಲ್ಲದೆ ಹಾಕಬಹುದೇ? ಕೊನೆಯದಾಗಿ, ಫಾರ್ಮ್‌ಗಳ ಪಿಡಿಎಫ್ ತೆರೆದು ನೋಡಲು ಬಿಡುತ್ತದೆಯೇ? ಬಿಟ್ಟರೆ ಶೆಡ್ಯೂಲ್ 1ರ 8ಡಿ ಸಾಲಿಗೆ ಹೋಗಿ. 2555 ಕೇಳದಿದ್ದರೂ ಅಲ್ಲಿ ಮೈನಸ್ ಮೊತ್ತ ಕೂತಿದ್ದರೆ ಸಾಫ್ಟ್‌ವೇರ್ ತನ್ನ ಬುದ್ಧಿ ಓಡಿಸಿದೆ ಎಂದರ್ಥ.

ಹೊರದೇಶದಲ್ಲಿರುವವರಿಗೆ ಗಡುವು ತಾನಾಗಿ ಜೂನ್ 15ರವರೆಗೆ ಇದೆ, ಆದರೆ ಬಾಕಿಯ ಮೇಲಿನ ಬಡ್ಡಿ ಏಪ್ರಿಲ್ 15ರಿಂದಲೇ ಓಡುತ್ತದೆ. ಇ-ಫೈಲ್ ಸಹಿಗೆ ಹಿಂದಿನ ವರ್ಷದ ಎಜಿಐ, ಅಂದರೆ ಆ ರಿಟರ್ನ್‌ನಲ್ಲಿರುವ ಹೊಂದಾಣಿಕೆಯಾದ ಒಟ್ಟು ಆದಾಯ, ಕೇಳುತ್ತಾರೆ. ಕಳೆದ ವರ್ಷ ಕಾಗದದಲ್ಲಿ ಕಳಿಸಿದ್ದು ಇನ್ನೂ ಪ್ರೊಸೆಸ್ ಆಗಿಲ್ಲದಿದ್ದರೆ ನಿಜವಾದ ಅಂಕಿ ಹಾಕಿದರೂ ಐಎನ್‌ಡಿ-031-04 ಎಂಬ ಕೋಡಿನೊಂದಿಗೆ ರಿಜೆಕ್ಟ್ ಆಗುತ್ತದೆ. ಅಲ್ಲಿ 0 ಹಾಕಿ ಮತ್ತೆ ಕಳಿಸಿ.