ನ್ಯಾಸ್ ಕಾಪಿಗೆ ಮನೆಯ ನೆಟ್‌ವರ್ಕ್ ಏದುಸಿರು ಬಿಡುತ್ತಿದ್ದರೆ

ನ್ಯಾಸ್‌ಗೆ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿಟ್ಟ ಫೈಲ್ ಸಂಗ್ರಹ ಪೆಟ್ಟಿಗೆ) 200 ಜಿಬಿ ವಿಡಿಯೊ ಕಾಪಿಗೆ ಹಾಕಿದ ಕೂಡಲೇ ಪಕ್ಕದ ಕೋಣೆಯ ವಿಡಿಯೊ ಕಾಲ್ ತಡವರಿಸತೊಡಗುತ್ತದೆ. ಬೈಗುಳ ಬೀಳುವುದು ಇಂಟರ್ನೆಟ್ ಕಂಪನಿಗೆ. ಆದರೆ ಆ ಫೈಲ್‌ಗಳು ಹೊಸಿಲು ದಾಟಿ ಹೋಗುವುದೇ ಇಲ್ಲ. ಪ್ಲಾನನ್ನು 100ರಿಂದ 300 ಎಂಬಿಪಿಎಸ್‌ಗೆ ಏರಿಸಿದರೂ ಕಾಲ್ ಸುಧಾರಿಸುವುದಿಲ್ಲ. ಕಾಪಿ, ಕಾಲ್ ಎರಡೂ ಯಾವ ದಾರಿಯಲ್ಲಿ ಒಟ್ಟಿಗೆ ನುಗ್ಗುತ್ತಿವೆ ಅಂತ ಮೊದಲು ಹುಡುಕಿ, ಆಮೇಲೆ ಕಾಪಿಯನ್ನು ಅಲ್ಲಿಂದ ಎತ್ತಿ.

ಹುಡುಕಲು ಪಿಂಗ್ ಸಾಕು; ಒಂದು ವಿಳಾಸದಿಂದ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಹೇಳುವ ಆದೇಶ ಅದು. ಕಾಪಿ ಓಡುತ್ತಿರುವಾಗ ವೈಫೈಯಲ್ಲಿರುವ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಎರಡು ಕಿಟಕಿ ತೆರೆದು, ಒಂದರಲ್ಲಿ ರೂಟರ್‌ಗೆ (ಹೆಚ್ಚಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನ ವಿಳಾಸವಾದ 1.1.1.1ಕ್ಕೆ ಪಿಂಗ್ ಹಾಕಿ. ರೂಟರ್‌ನ ಉತ್ತರವೇ ಎರಡು ಮೂರು ಮಿಲಿಸೆಕೆಂಡ್‌ನಿಂದ ನೂರರ ಮೇಲೆ ಹಾರಿದರೆ ತೊಂದರೆ ವೈಫೈಯಲ್ಲಿದೆ, ಇಲ್ಲವೇ ರೂಟರ್‌ನಲ್ಲೇ ಇದೆ. ರೂಟರ್ ಸುಮ್ಮನಿದ್ದು 1.1.1.1 ಮಾತ್ರ ಏರಿದರೆ, ತೊಂದರೆ ಇಂಟರ್ನೆಟ್ ಲೈನಿನ ಕಡೆ; ಬಹುಶಃ ಯಾವುದೋ ಬ್ಯಾಕಪ್ ಅಪ್‌ಲೋಡ್ ಲೈನನ್ನು ತುಂಬಿದೆ.

ಮನೆಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ವೈಫೈ. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ನ್ಯಾಸ್, ಲ್ಯಾಪ್‌ಟಾಪ್ ಎರಡೂ ಅದೇ ವೈಫೈಯಲ್ಲಿದ್ದರೆ ಪ್ರತಿಯೊಂದು ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ: ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ನ್ಯಾಸ್‌ಗೆ. ನಡುವೆ ವೈಫೈಯನ್ನು ದೂರಕ್ಕೆ ದಾಟಿಸುವ, ತಂತಿಯಿಲ್ಲದ ಮೆಶ್ ಪೆಟ್ಟಿಗೆ ಇದ್ದರೆ ಇನ್ನೂ ಒಂದು ಸಲ. ಹಾಗಾಗಿ ನ್ಯಾಸ್ ಎಂದೂ ವೈಫೈಯಲ್ಲಿ ಇರಬಾರದು; ದೊಡ್ಡ ಕಾಪಿ ಇರುವ ದಿನ ಲ್ಯಾಪ್‌ಟಾಪ್‌ಗೂ ಕೇಬಲ್ ಚುಚ್ಚಿ. ಆರು ಆಂಟೆನಾದ ರೂಟರ್‌ಗೆ ದುಡ್ಡು ಸುರಿಯುವ ಮುಂಚೆ ಇಷ್ಟು ಮಾಡಿ ನೋಡಿ.

ಕೇಬಲ್ ಹಾಕಿದ ಮೇಲೂ ವೇಗ ಸೆಕೆಂಡಿಗೆ 11–12 ಎಂಬಿಗೇ (ಮೆಗಾಬೈಟ್; ಎಂಬಿಪಿಎಸ್ ಅಂದರೆ ಮೆಗಾಬಿಟ್, ಒಂದು ಬೈಟ್‌ಗೆ ಎಂಟು ಬಿಟ್) ಅಂಟಿಕೊಂಡಿದ್ದರೆ ಎಲ್ಲೋ 100 ಎಂಬಿಪಿಎಸ್ ಕೊಂಡಿ ಇದೆ ಅಂತಲೇ ಅರ್ಥ. ಫೈಬರ್ ಜೊತೆ ಬರುವ ಎಷ್ಟೋ ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ಐದು ಪೋರ್ಟ್‌ನ ಗಿಗಾಬಿಟ್ ಸ್ವಿಚ್ ತಂದು ನ್ಯಾಸನ್ನೂ ಪಿಸಿಯನ್ನೂ ಅದಕ್ಕೆ ಜೋಡಿಸಿ, ಸ್ವಿಚ್‌ನಿಂದ ರೂಟರ್‌ಗೆ ಒಂದೇ ಕೇಬಲ್ ಎಳೆಯಿರಿ. ಇಬ್ಬರ ನಡುವಿನ ಕಾಪಿ ಸ್ವಿಚ್‌ನಲ್ಲೇ ಮುಗಿಯುತ್ತದೆ, ರೂಟರ್‌ಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ವೇಗ 110 ಎಂಬಿಯ ಆಸುಪಾಸು ಬರಬೇಕು. ಬರದಿದ್ದರೆ ಕೇಬಲ್ ನೋಡಿ: ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, ಕ್ರಿಂಪ್ ಮಾಡುವಾಗ (ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ) ಒಂದು ಎಳೆ ಸರಿಯಾಗಿ ಕೂರದಿದ್ದರೂ ಕೊಂಡಿ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ಸ್‌ನ ಲಿಂಕ್ ಸ್ಪೀಡ್, ಲಿನಕ್ಸ್‌ನಲ್ಲಿ ಈಥ್‌ಟೂಲ್ ಎಂಬ ಆದೇಶ ಇದನ್ನು ಹೇಳುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ ಅಂತ ತರಬೇಡಿ.

ನ್ಯಾಸನ್ನು ಬೇರೆ ವಿಲ್ಯಾನ್‌ಗೆ (ಅದೇ ತಂತಿಗಳ ಮೇಲೆ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್‌ಗೆ) ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ವೇಗದ ವಿಷಯದಲ್ಲಿ ಇದು ತಿರುಗುಬಾಣ. ಸ್ವಿಚ್‌ನಲ್ಲೇ ಮುಗಿಯುತ್ತಿದ್ದ ಕಾಪಿ ಈಗ ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ದಾಟಲು ರೂಟರ್‌ನ ಪ್ರೊಸೆಸರ್ ಮೂಲಕವೇ ಹೋಗಬೇಕು. ಎರಡು ಪೋರ್ಟ್ ಬೆಸೆಯುವ ಎಲ್‌ಎಸಿಪಿಯೂ ಅಷ್ಟೆ: ಹಲವರು ಒಟ್ಟಿಗೆ ಓದುವಾಗ ಅನುಕೂಲ, ಒಂದೇ ಸಂಪರ್ಕದಲ್ಲಿ ಓಡುವ ಕಾಪಿಗೆ ಒಂದೇ ಪೋರ್ಟ್‌ನ ವೇಗ.

ವಿಡಿಯೊ ಎಡಿಟ್ ಮಾಡುವವರಿಗೆ ನನ್ನ ಆಯ್ಕೆ ನೇರ ಕೊಂಡಿ. ನ್ಯಾಸ್‌ನ ಎರಡನೇ ಪೋರ್ಟ್‌ನಿಂದ ಪಿಸಿಗೆ ಪ್ರತ್ಯೇಕ ಕೇಬಲ್. ಪಿಸಿಯಲ್ಲಿ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3ಕ್ಕೆ ಚುಚ್ಚುವ 2.5 ಗಿಗಾಬಿಟ್ ಅಡಾಪ್ಟರ್. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಈ ವೇಗ ತಡೆದುಕೊಳ್ಳುತ್ತದೆ. ಪಿಸಿಗೆ 10.10.10.1, ನ್ಯಾಸ್‌ಗೆ 10.10.10.2, ಮಾಸ್ಕ್ ಎರಡಕ್ಕೂ 255.255.255.0. ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನ ವಿಳಾಸ) ಮತ್ತು ಡಿಎನ್‌ಎಸ್ ಖಾಲಿ ಬಿಡಿ. ಇಲ್ಲಿ ಗೇಟ್‌ವೇ ತುಂಬಿದರೆ ಪಿಸಿ ಇಂಟರ್ನೆಟ್ಟನ್ನೂ ಈ ಕೇಬಲ್‌ನಲ್ಲೇ ಹುಡುಕಲು ಹೊರಡಬಹುದು. ಮನೆಯ 192.168.1 ಸಾಲಿನ ವಿಳಾಸವನ್ನೇ ಇದಕ್ಕೂ ಕೊಟ್ಟರೆ ಕಾಪಿ ಹಳೆಯ ಕೇಬಲ್‌ನಲ್ಲೇ ಹೋದೀತು. ಡ್ರೈವ್ ಮ್ಯಾಪ್ ಮಾಡುವಾಗ ನ್ಯಾಸ್‌ನ ಹೆಸರಿನ ಬದಲು 10.10.10.2 ಅಂತಲೇ ಬರೆಯಿರಿ. ಗೇಟ್‌ವೇ ಇಲ್ಲದ ಕೊಂಡಿಯನ್ನು ವಿಂಡೋಸ್ ಸಾರ್ವಜನಿಕ ನೆಟ್‌ವರ್ಕ್ ಎಂದು ಗುರುತಿಸುತ್ತದೆ, ಹಾಗಾಗಿ ನ್ಯಾಸ್ ಪಟ್ಟಿಯಲ್ಲಿ ಕಾಣದೆ ಹೋದರೆ ಗಾಬರಿ ಬೇಡ, ವಿಳಾಸ ಬರೆದರೆ ಸಿಗುತ್ತದೆ. ಜಂಬೊ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಆಸೆಯಿದ್ದರೆ ಈ ಕೊಂಡಿಯಲ್ಲಿ ಮಾತ್ರ, ಎರಡೂ ತುದಿಗೆ ಒಂದೇ ಅಳತೆ ಇಟ್ಟು. ಮನೆಯ ಸ್ವಿಚ್‌ಗೆ ಅದನ್ನು ತರಬೇಡಿ: ಅಳತೆ ಹೊಂದದ ಕಡೆ ಪಿಂಗ್ ಹೋಗುತ್ತದೆ, ಕಾಪಿ ನಿಂತುಬಿಡುತ್ತದೆ.

ಇನ್ನು ಕ್ಲೌಡ್ ಬ್ಯಾಕಪ್. ಅಪ್‌ಲೋಡ್ ಭರ್ತಿಯಾದರೆ ಡೌನ್‌ಲೋಡ್‌ಗೆ ಬೇಕಾದ ಸಣ್ಣ ಸ್ವೀಕೃತಿ ಪ್ಯಾಕೆಟ್‌ಗಳೂ ಆ ಸಾಲಿನ ಹಿಂದೆ ನಿಲ್ಲುತ್ತವೆ, ಇಡೀ ಮನೆ ನಿಧಾನವಾಗುತ್ತದೆ. ಬ್ಯಾಕಪ್ ತಂತ್ರಾಂಶದಲ್ಲೇ ಅಪ್‌ಲೋಡ್ ವೇಗದ 70–80 ಶೇಕಡಾ ಮಿತಿ ಹಾಕಿ. ಕ್ಲೌಡ್‌ಗೆ ಫೈಲ್ ಕಳಿಸುವ ಆರ್‌ಕ್ಲೋನ್ ತಂತ್ರಾಂಶದ ಬ್ಯಾಂಡ್‌ವಿಡ್ತ್ ಮಿತಿ ಲೆಕ್ಕ ಹಾಕುವುದು ಬೈಟ್‌ನಲ್ಲಿ, ಬಿಟ್‌ನಲ್ಲಲ್ಲ: 40 ಎಂಬಿಪಿಎಸ್ ಲೈನಿಗೆ 4ಎಂ ಕೊಡಬೇಕೇ ಹೊರತು 30ಎಂ ಅಲ್ಲ. ಗಂಟೆವಾರು ವೇಳಾಪಟ್ಟಿಯನ್ನೂ ಅದೇ ಆಯ್ಕೆಯಲ್ಲಿ ಕೊಡಬಹುದು, ಬೆಳಿಗ್ಗೆ 8ರಿಂದ 1ಎಂ, ರಾತ್ರಿ 11ರಿಂದ 4ಎಂ ಅಂತ. ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವಿದ್ದರೆ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಸೌಲಭ್ಯ) ಹಾಕಿ, ಅದರಲ್ಲಿ ಕೇಕ್ ಎಂಬ ವಿಧಾನ ಆರಿಸಿ, ಅಳೆದ ವೇಗದ 90 ಶೇಕಡಾ ತುಂಬಿ. ಹಾರ್ಡ್‌ವೇರ್ ಆಫ್‌ಲೋಡಿಂಗ್ ಆಫ್ ಮಾಡದಿದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ತಪ್ಪಿಸಿಕೊಂಡು ಹೋಗುತ್ತವೆ.

ಇಷ್ಟಾದರೂ ಕಾಪಿ ಕುಂಟುತ್ತಿದ್ದರೆ ಪಿಸಿ, ನ್ಯಾಸ್ ನಡುವೆ ನೆಟ್‌ವರ್ಕ್ ವೇಗವನ್ನಷ್ಟೇ ಅಳೆಯುವ ಐಪರ್ಫ್3 ಓಡಿಸಿ. ಅದು 940 ಎಂಬಿಪಿಎಸ್ ತೋರಿಸಿ, ಕಾಪಿ ಮಾತ್ರ 30 ಎಂಬಿಯಲ್ಲಿ ತೆವಳಿದರೆ ನೆಟ್‌ವರ್ಕ್ ನಿರಪರಾಧಿ. ಸಾವಿರಾರು ಸಣ್ಣ ಫೋಟೊಗಳಿದ್ದಾಗ ಹೀಗಾಗುವುದು ಮಾಮೂಲು: ಪ್ರತಿ ಫೈಲ್ ತೆರೆದು ಮುಚ್ಚುವುದಕ್ಕೇ ಹೊತ್ತು ಹೋಗುತ್ತದೆ. ಅವನ್ನೆಲ್ಲ ಕಟ್ಟಿ ಒಂದೇ ಟಾರ್ ಫೈಲ್ ಮಾಡಿ ಕಳಿಸಿ.