ಪ್ರೊಜೆಕ್ಟರ್‌ಗಿಂತ ಮೊದಲು ಗೋಡೆಯಲ್ಲೊಂದು ದಪ್ಪ ಪೈಪ್

ನಮ್ಮ ಮನೆಯ ಹಾಲ್‌ನಲ್ಲಿ ಒಂದೇ ಗೋಡೆಯನ್ನು ಎರಡು ಸಲ ಒಡೆಸಿದ್ದೇವೆ. ಎರಡನೇ ಸಲದ ಧೂಳು, ಸದ್ದು, ಆಮೇಲೆ ಎಷ್ಟು ಬಳಿದರೂ ಉಳಿದ ಗೋಡೆಯ ಜೊತೆ ಹೊಂದಿಕೊಳ್ಳದ ಬಣ್ಣದ ಪಟ್ಟಿ, ಇದನ್ನೆಲ್ಲ ನೋಡಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಪ್ರೊಜೆಕ್ಟರ್ ಹಾಕಿಸಬೇಕು, ಒಂದು ವೈರ್ ಕೂಡ ಕಾಣಬಾರದು ಅಂತಿರುವವರಿಗೆ ಇದನ್ನು ಬರೆದು ಹೇಳಲೇಬೇಕು.

ಮೊದಲ ಸಲ ಮಾಡಿದ ತಪ್ಪು ಇದು. ಗೋಡೆ ಕೊರೆಸಿ, 10 ಮೀಟರ್ ಉದ್ದದ ಮಾಮೂಲಿ ತಾಮ್ರದ ಎಚ್‌ಡಿಎಂಐ ಕೇಬಲ್ (ಚಿತ್ರ, ಸೌಂಡ್ ಎರಡನ್ನೂ ಸಾಗಿಸುವ ವೈರ್) ಅನ್ನು ಹಾಗೇ ಒಳಗಿಟ್ಟು, ಮೇಲೆ ಸಿಮೆಂಟ್ ಮೆತ್ತಿಸಿಬಿಟ್ಟೆ. ನೋಡಲು ತುಂಬಾ ಚೆನ್ನಾಗಿತ್ತು. ಹಳೆಯ 1080ಪಿ (ಫುಲ್ ಎಚ್‌ಡಿ) ಪ್ರೊಜೆಕ್ಟರ್ ಇದ್ದಷ್ಟು ದಿನ ಏನೂ ತೊಂದರೆಯಿಲ್ಲ. ಅದರ ನಾಲ್ಕು ಪಟ್ಟು ಪಿಕ್ಸೆಲ್ ಇರುವ 4ಕೆ ಪ್ರೊಜೆಕ್ಟರ್ ತಂದ ದಿನವೇ ಪರದೆ ಮೇಲೆ ಬಿಳಿ ಚುಕ್ಕಿಗಳು ಮಿನುಗಲು ಶುರುವಾದವು, ಆಗಾಗ ಚಿತ್ರ ಪೂರ್ತಿ ಹೋಗಿ ಮತ್ತೆ ಬರುತ್ತಿತ್ತು. ಪ್ರೊಜೆಕ್ಟರ್ ಕೆಟ್ಟಿದೆ ಅಂದುಕೊಂಡೆ. ಚಿಕ್ಕದೊಂದು ಕೇಬಲ್ ಹಾಕಿ ನೋಡಿದರೆ ಚಿತ್ರ ಕನ್ನಡಿಯ ಹಾಗೆ ನಿಂತಿತು.

ಕಾರಣ ಸರಳ. 60 ಫ್ರೇಮಿನ 1080ಪಿ ಚಿತ್ರ ಎಚ್‌ಡಿಎಂಐ ಮೇಲೆ ಹರಿಯಲು ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಕು. ಅದೇ 60 ಫ್ರೇಮಿನ 4ಕೆಗೆ 18 ಗಿಗಾಬಿಟ್‌ವರೆಗೂ ಬೇಕಾಗುತ್ತದೆ. ತಾಮ್ರದ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ, ವೇಗ ಹೆಚ್ಚಿದಷ್ಟೂ ಇನ್ನೂ ಬೇಗ ಸೊರಗುತ್ತದೆ. ಐದಾರು ಮೀಟರ್ ದಾಟಿದರೆ ಮಾಮೂಲಿ ತಾಮ್ರವನ್ನು ನಂಬುವ ಹಾಗಿಲ್ಲ. ಅಲ್ಲಿಂದ ಮುಂದಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಬೇಕು, ಅದರಲ್ಲಿ ಸಿಗ್ನಲ್ ಬೆಳಕಾಗಿ ಹೋಗುತ್ತದೆ.

ಹಾಗಂತ ಆಪ್ಟಿಕಲ್ ಕೇಬಲ್ ಅನ್ನು ತಂದು ಗೋಡೆಯಲ್ಲಿ ಹೂತುಬಿಡಬೇಡಿ. 18 ಗಿಗಾಬಿಟ್ ಹೊರುವ ಎಚ್‌ಡಿಎಂಐ 2.0 ಆವೃತ್ತಿ ಬಂದಿದ್ದು 2013ರಲ್ಲಿ. ನಾಲ್ಕೇ ವರ್ಷಕ್ಕೆ, 2017ರಲ್ಲಿ, 48 ಗಿಗಾಬಿಟ್‌ನ 2.1 ಬಂತು. ಗೋಡೆ ಅಷ್ಟು ಬೇಗ ಬದಲಾಗಲ್ಲ ಅಲ್ವಾ? ಅದಕ್ಕೇ ಗೋಡೆಯೊಳಗೆ ಪೈಪ್ ಹಾಕಿ, ಕೇಬಲ್ ಅದರೊಳಗೆ ಹೋಗಿ ಬರುವ ಹಾಗಿರಲಿ.

ಎರಡನೇ ಸಲ ನಾನು 40 ಮಿ.ಮೀ. ಪೈಪ್ ಕೇಳಿದಾಗ ಎಲೆಕ್ಟ್ರಿಷಿಯನ್ "ಇಷ್ಟು ದಪ್ಪ ಯಾಕೆ ಸಾರ್, ಒಂದೇ ವೈರ್ ತಾನೇ?" ಅಂದರು. ಅವರ ಕೈಗೆ ಕೇಬಲ್ ಕೊಟ್ಟು, 25 ಮಿ.ಮೀ. ಪೈಪಿನ ಬೆಂಡ್ ಒಳಗೆ ತೂರಿಸಿ ನೋಡಿ ಅಂದೆ. ವೈರ್ ತೆಳ್ಳಗಿದ್ದರೂ ಅದರ ತಲೆ, ಅಂದರೆ ಪ್ಲಗ್, ಹತ್ತಿರ ಹತ್ತಿರ ಎರಡು ಸೆಂಟಿಮೀಟರ್ ಅಗಲ, ಉದ್ದವೂ ಇದೆ, ಬಗ್ಗುವುದಿಲ್ಲ. ನೇರ ಪೈಪಿನಲ್ಲಿ ಹೇಗೋ ಹೋಗುತ್ತದೆ, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅವರೇ 90 ಡಿಗ್ರಿ ಎಲ್ಬೋ ಬೇಡ, ಎರಡು 45 ಹಾಕೋಣ ಅಂದರು. ಆ ಒಂದು ಮಾತಿನಿಂದ ನನಗೆ ಎಷ್ಟು ಅನುಕೂಲವಾಯಿತು ಅಂದರೆ, ಅವರಿಗೆ ಇವತ್ತಿಗೂ ಥ್ಯಾಂಕ್ಸ್ ಹೇಳುತ್ತೇನೆ.

ಗೋಡೆ ತೆಳುವಾಗಿದ್ದರೆ ಇಷ್ಟು ಆಳ ಕೊರೆಸಬೇಡಿ. ಪಿಲ್ಲರ್, ಬೀಮ್ ಅಂತೂ ಮುಟ್ಟಲೇಬೇಡಿ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮೇಲಿಂದ ತನ್ನಿ. ಅದೂ ಇಲ್ಲದಿದ್ದರೆ ಮೂಲೆಗುಂಟ ಕೇಸಿಂಗ್ ಪಟ್ಟಿ ಹೊಡೆಸಿ ಗೋಡೆಯ ಬಣ್ಣವನ್ನೇ ಬಳಿಸಿ, ಒಂದು ವಾರ ಕಳೆದರೆ ಅದರ ಕಡೆ ಕಣ್ಣೇ ಹೋಗುವುದಿಲ್ಲ.

ಪೈಪ್ ಎಲ್ಲಿ ಮುಗಿಯಬೇಕು ಅನ್ನುವುದನ್ನು ಅಂದಾಜಿನಲ್ಲಿ ಹೇಳಬೇಡಿ. ಮೊದಲು ಪರದೆಯ ಜಾಗ ಗುರುತು ಮಾಡಿ. 100 ಇಂಚಿನ ಪರದೆ ಅಂದರೆ ಮೂಲೆಯಿಂದ ಮೂಲೆಗೆ 100, ಅಗಲ ಸುಮಾರು 87 ಇಂಚು. ಪ್ರೊಜೆಕ್ಟರ್‌ನ ಥ್ರೋ ರೇಶಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನುವ ಲೆಕ್ಕ) 1.5 ಇದ್ದರೆ 87 ಅನ್ನು 1.5ರಿಂದ ಗುಣಿಸಿ, ಲೆನ್ಸ್ ಪರದೆಯಿಂದ ಸುಮಾರು 11 ಅಡಿ ದೂರ ಇರಬೇಕು. ಎಡ-ಬಲದ ಲೆಕ್ಕದಲ್ಲಿ ಲೆನ್ಸ್ ಪರದೆಯ ನಡುಮಧ್ಯಕ್ಕೆ ಸರಿಯಾಗಿರಲಿ. ವಾರೆಯಾಗಿದ್ದರೆ ಪ್ರೊಜೆಕ್ಟರ್‌ನ ಕೀಸ್ಟೋನ್ ಸೆಟ್ಟಿಂಗ್‌ನಲ್ಲಿ ಸರಿ ಮಾಡಿಕೊಳ್ಳಬಹುದು ಅನ್ನುತ್ತಾರೆ, ಆದರೆ ಅದು ಚಿತ್ರವನ್ನೇ ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತದೆ, ಸ್ಪಷ್ಟತೆ ಹೋಗುತ್ತದೆ. ಅಷ್ಟು ಖರ್ಚು ಮಾಡಿ ತಂದ ಪಿಕ್ಸೆಲ್‌ಗಳನ್ನು ಸುಮ್ನೆ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಕರೆಂಟ್‌ಗೆ ಬೇರೆ ಪೈಪ್. ಎರಡೂ ಪಕ್ಕಪಕ್ಕ ಅಂಟಿಕೊಂಡು ಓಡಬಾರದು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ. ಪ್ರೊಜೆಕ್ಟರ್ ಜೊತೆ ಬರುವ ಪವರ್ ಕಾರ್ಡ್ ಅನ್ನು ಗೋಡೆಯೊಳಗೆ ತೂರಿಸಬೇಡಿ, ಅದು ಅಪಾಯ. ಸೀಲಿಂಗ್‌ನಲ್ಲೇ ಒಂದು ಪ್ಲಗ್ ಪಾಯಿಂಟ್ ಮಾಡಿಸಿ.

ಸೌಂಡ್ ಬಗ್ಗೆ ಇಷ್ಟೇ: ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಎವಿ ರಿಸೀವರ್‌ಗೆ (ಸೌಂಡ್ ಅನ್ನು ಸ್ಪೀಕರ್‌ಗಳಿಗೆ, ಚಿತ್ರವನ್ನು ಪ್ರೊಜೆಕ್ಟರ್‌ಗೆ ಕಳಿಸುವ ಪೆಟ್ಟಿಗೆಗೆ) ಹೋಗಲಿ, ಅಲ್ಲಿಂದ ಪ್ರೊಜೆಕ್ಟರ್‌ಗೆ ಒಂದೇ ಕೇಬಲ್ ಸಾಕು.

ಇನ್ನು ಕೇಬಲ್ ಎಳೆಯುವ ಕೆಲಸ. ಆಪ್ಟಿಕಲ್ ಕೇಬಲ್‌ಗೆ ದಿಕ್ಕು ಇರುತ್ತದೆ. ಒಂದು ತುದಿಯಲ್ಲಿ ಸೋರ್ಸ್ ಅಂತ, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ತಿರುಗಾಮುರುಗಾ ಎಳೆದರೆ ಚಿತ್ರವೇ ಬರುವುದಿಲ್ಲ. ಎಳೆಯುವ ಮೊದಲು ನೆಲದ ಮೇಲೆ ಹರಡಿ, 4ಕೆಯಲ್ಲೇ ಒಂದು ಗಂಟೆ ಓಡಿಸಿ ನೋಡಿ. ತಲೆ ಹಿಡಿದು ಜಗ್ಗಬೇಡಿ, ದಾರವನ್ನು ಕೇಬಲ್‌ನ ಮೈಗೆ ಸುತ್ತಿ ಟೇಪ್ ಹಾಕಿ ಎಳೆಯಿರಿ, ಒಳಗಿರುವ ಗಾಜಿನ ಎಳೆ ಚೂಪಾಗಿ ಮಡಚಿದರೆ ಮುರಿಯುತ್ತದೆ. ಪೈಪಿನಲ್ಲಿ ದಾರ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಿನ ಒಂದು ತುಂಡಿಗೆ ನೂಲು ಕಟ್ಟಿ, ಆ ಕಡೆಯಿಂದ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ. ನೂಲು ಸರ್ರನೆ ಬಂದುಬಿಡುತ್ತದೆ, ನೋಡುವುದಕ್ಕೇ ಖುಷಿ!

ಸಿಮೆಂಟ್ ಮೆತ್ತುವ ಮೊದಲು ಗೋಡೆಗೆ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಮುಂದೆ ಫೋಟೋ ಫ್ರೇಮ್‌ಗೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಹಿಂಬದಿಗೆ ಇಡಬೇಕಾದ ಸ್ಪೀಕರ್‌ಗಳನ್ನು ಇನ್ನೂ ತಂದಿಲ್ಲ. ಅವುಗಳ ಪೈಪ್ ಸೋಫಾದ ಹಿಂದೆ ಖಾಲಿ ಪ್ಲೇಟಿನೊಳಗೆ ಕೊನೆಯಾಗಿದೆ. ಒಳಗೆ ನೈಲಾನ್ ದಾರ ಹಾಕಿ, ಎರಡೂ ತುದಿಗೆ ಗಂಟು ಬಿಗಿದು ಇಟ್ಟಿದ್ದೇನೆ.