ಕಾಲು ಸೆಕೆಂಡಿನ ಲೆಕ್ಕ

2025 ನವೆಂಬರ್ 18, ಮಂಗಳವಾರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ತೋಳು ಗಟ್ಟಿ ಎಂದ ಕೂಡಲೇ ಎಲ್ಲರೂ 60 ಗಜದ ಎಸೆತದ ಮಾತು ತೆಗೆಯುತ್ತಾರೆ. ಅಂಥದ್ದು ಪಂದ್ಯಕ್ಕೆ ಒಂದೋ ಎರಡೋ. ತೋಳಿನ ಯೋಗ್ಯತೆ ಗೊತ್ತಾಗುವುದು 15 ಗಜದ ಔಟ್ ರೂಟ್‌ನಲ್ಲಿ. ಚೆಂಡು ಹಿಡಿಯುವ ರಿಸೀವರ್ ನೇರಕ್ಕೆ ಓಡಿ ಥಟ್ಟನೆ ಸೈಡ್‌ಲೈನ್ (ಮೈದಾನದ ಅಂಚಿನ ಗೆರೆ) ಕಡೆ ತಿರುಗುತ್ತಾನೆ, ಅಷ್ಟೇ.

ಮೈದಾನದ ಅಗಲ 160 ಅಡಿ. ಪ್ರತಿ ಆಟವನ್ನೂ ಎರಡು ಹ್ಯಾಶ್ ಗುರುತುಗಳ ನಡುವೆ ಚೆಂಡು ಇಟ್ಟು ಶುರುಮಾಡುತ್ತಾರೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್ ಗುರುತು ಹತ್ತಿರದ ಸೈಡ್‌ಲೈನ್‌ನಿಂದ 70 ಅಡಿ 9 ಇಂಚು ಒಳಗಿದೆ. ಎಡ ಹ್ಯಾಶ್‌ನಿಂದ ಬಲ ಅಂಚಿಗೆ ಎಸೆಯಬೇಕಾದರೆ ಅಡ್ಡಕ್ಕೇ ಸುಮಾರು 28 ಗಜ. ಎಸೆಯುವ ಮೊದಲು ಕ್ವಾರ್ಟರ್‌ಬ್ಯಾಕ್ ಹಿಂದೆ ಸರಿದ 7 ಗಜ ಸೇರಿಸಿದರೆ ಉದ್ದಕ್ಕೆ 22. ಓರೆಯಾಗಿ ಅಳೆದರೆ 35 ಗಜ ದಾಟಿತು. ಗಳಿಕೆ ಮಾತ್ರ 15! ಕಾಲೇಜು ಆಟದಲ್ಲಿ ಎರಡು ಹ್ಯಾಶ್‌ಗಳ ಅಂತರ 40 ಅಡಿ ಇರುವುದರಿಂದ ಎಸೆತ ಇನ್ನೂ ಎರಡು-ಮೂರು ಗಜ ಉದ್ದವಾಗುತ್ತದೆ.

ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 50 ಮೈಲಿ ವೇಗದ ಚೆಂಡು ಈ ದೂರಕ್ಕೆ ಒಂದೂವರೆ ಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ, 60 ಮೈಲಿಯದು ಒಂದೂಕಾಲು. ಆ ಕಾಲು ಸೆಕೆಂಡಿನಲ್ಲಿ ರಿಸೀವರ್‌ನನ್ನು ಕಾಯುವ ಎದುರಾಳಿ ಕಾರ್ನರ್‌ಬ್ಯಾಕ್ ಎರಡು ಗಜ ಓಡಿರುತ್ತಾನೆ. ಚೆಂಡು ಅವನ ಕೈಗೆ ಸಿಕ್ಕರೆ ಮುಂದೆ ತಡೆಯುವವರೇ ಇಲ್ಲ, ನೇರ ಟಚ್‌ಡೌನ್. ಅದಕ್ಕೇ ತೋಳು ಸಾಲದ ತಂಡದ ಪ್ಲೇಬುಕ್‌ನಿಂದ (ಆಟದ ಯೋಜನೆಗಳ ಪುಸ್ತಕ) ಮೊದಲು ಹರಿದುಹೋಗುವ ಪುಟ ಇದು.

ಪುಟ ಹರಿದದ್ದು ಎದುರಾಳಿಗೂ ಬೇಗ ತಿಳಿಯುತ್ತದೆ. ದೂರದ ಅಂಚನ್ನು ಕಾಯುವ ಅಗತ್ಯವಿಲ್ಲವೆಂದು ಎಲ್ಲರ ಹಿಂದೆ ನಿಲ್ಲುವ ರಕ್ಷಕರಾದ ಸೇಫ್ಟಿಗಳು ಮುಂದೆ ಬರುತ್ತಾರೆ, ಕಾರ್ನರ್‌ಗಳು ಮೈಮೇಲೇ ನಿಲ್ಲುತ್ತಾರೆ. ಆಗ ಚೆಂಡು ಹಿಡಿದು ಓಡುವ ಆಟಕ್ಕೂ ಜಾಗ ಉಳಿಯುವುದಿಲ್ಲ. ತೋಳಿಗೆ ಹೆದರಿ ಇಬ್ಬರು ಸೇಫ್ಟಿಗಳೂ ಹಿಂದೆ ಸರಿದರೆ ಉಲ್ಟಾ: ಮುಂದೆ ಆರೇ ಜನ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ಹಬ್ಬ. ಎಸೆಯದೇ ಇರುವ ಚೆಂಡೂ ಹೀಗೆ ಕೆಲಸ ಮಾಡುತ್ತದೆ.

ಕಡಿಮೆ ತೋಳಿನಲ್ಲಿ ಸಂಸಾರ ತೂಗಿಸಿದವರಲ್ಲಿ ಬಿಲ್ ವಾಲ್ಶ್ ಮುಖ್ಯ. ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ಅವರು ಸಹಾಯಕ ಕೋಚ್ ಆಗಿದ್ದಾಗ, ಬಲಿಷ್ಠ ತೋಳಿನ ಗ್ರೆಗ್ ಕುಕ್ 1969ರಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡರು. ಉಳಿದದ್ದು ವರ್ಜಿಲ್ ಕಾರ್ಟರ್: ದೂರ ಎಸೆಯಲಾರರು, ಗುರಿ ಮಾತ್ರ ಚೆನ್ನ. ವಾಲ್ಶ್ ಮೈದಾನವನ್ನು ಉದ್ದಕ್ಕೆ ಬಿಟ್ಟು ಅಡ್ಡಕ್ಕೆ ಹಿಗ್ಗಿಸಿದರು: ಐದಾರು ಗಜದ ಪಾಸು, ಓಡುತ್ತಿರುವವನ ಕೈಗೇ ಚೆಂಡು. 1971ರಲ್ಲಿ ಪಾಸ್‌ಗಳ ಶೇಕಡಾವಾರು ಯಶಸ್ಸಿನಲ್ಲಿ ಕಾರ್ಟರ್ ಲೀಗ್‌ಗೇ ಮೊದಲಿಗರು. ಮುಂದೆ ವೆಸ್ಟ್ ಕೋಸ್ಟ್ ಆಫೆನ್ಸ್ ಎಂದು ಹೆಸರಾದ ಪದ್ಧತಿಯ ಬೇರು ಇದೇ.

ಇಲ್ಲಿ ಕಾಲು ಸೆಕೆಂಡನ್ನು ಕಾಲಿನಿಂದ ಸಂಪಾದಿಸಬೇಕು. ಕ್ವಾರ್ಟರ್‌ಬ್ಯಾಕ್ ಹಿಂದಿಡುವ ಹೆಜ್ಜೆಗಳಿಗೂ ರಿಸೀವರ್‌ನ ಹೆಜ್ಜೆಗಳಿಗೂ ತಾಳ ಕೂಡಿಸಿ, ಅವನು ತಿರುಗುವ ಮೊದಲೇ ಚೆಂಡು ಬಿಡಬೇಕು. ಅಪಾಯವೂ ಅಲ್ಲೇ. ರಿಸೀವರ್ ಒಂದು ಗಜ ಮೊದಲೇ ತಿರುಗಿದರೆ, ಇಲ್ಲವೇ ಆಟ ಶುರುವಾಗುವ ಸಾಲಿನಲ್ಲಿಯೇ ಎದುರಾಳಿ ಅವನನ್ನು ತಳ್ಳಿ ತಡಮಾಡಿಸಿದರೆ, ಚೆಂಡು ಖಾಲಿ ಜಾಗಕ್ಕೆ ಹೋಗುತ್ತದೆ.

ಗಟ್ಟಿ ತೋಳಿನವರ ತೊಂದರೆ ಬೇರೆ. ರಿಸೀವರ್ ತಿರುಗಿದ್ದನ್ನು ಕಂಡ ಮೇಲೂ ಎಸೆಯಬಲ್ಲೆ ಎಂಬ ಧೈರ್ಯಕ್ಕೆ ಚೆಂಡು ಹಿಡಿದುಕೊಂಡೇ ಇರುತ್ತಾರೆ, ಸ್ಯಾಕ್ ಆಗುತ್ತಾರೆ (ಎಸೆಯುವ ಮೊದಲೇ ಎದುರಾಳಿ ಕೆಡವುತ್ತಾನೆ). ದೂರದ ರೂಟ್ ಬಿಚ್ಚಿಕೊಳ್ಳಲು ಮೂರು ಸೆಕೆಂಡು ಬೇಕು. ಅಷ್ಟು ಹೊತ್ತು ಕಾಯಲು ಟೈಟ್ ಎಂಡ್‌ನನ್ನೂ (ತಡೆಯೂ ಒಡ್ಡುವ, ಪಾಸೂ ಹಿಡಿಯುವ ಆಟಗಾರ) ರನ್ನಿಂಗ್ ಬ್ಯಾಕ್‌ನನ್ನೂ ತಡೆಗೆ ನಿಲ್ಲಿಸಿದರೆ ಹೊರಗೆ ಓಡಲು ಮೂವರೇ ಉಳಿದರು. ಓರೆಯಾಗಿ ಒಳಗೆ ಓಡುವವನಿಗೆ ಕೊಡುವ ಹತ್ತಿರದ ಸ್ಲಾಂಟ್ ಪಾಸ್‌ಗೂ ಪೂರ್ತಿ ವೇಗ ಹಾಕುವ ಚಟ ಇನ್ನೊಂದು. ಎದೆಗೆ ಬಡಿದು ಮೇಲೆದ್ದ ಚೆಂಡು ಎದುರಾಳಿಯ ಪಾಲು. ಬಫಲೋದ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ತೋಳು 2018ರಲ್ಲೂ ಅಷ್ಟೇ ಗಟ್ಟಿಯಿತ್ತು, ಯಶಸ್ಸು ಮಾತ್ರ ಶೇ 52.8. 2020ರಲ್ಲಿ ಅದು 69.2ಕ್ಕೆ ಏರಿತು.

ನವೆಂಬರ್‌ನ ಗಾಳಿಯಲ್ಲಿ ಮೂರನೇ ಡೌನ್ (ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), 12 ಗಜ ಬಾಕಿ ಇದ್ದಾಗ ರಿಸೀವರ್‌ಗಳು ಯಾವ ಕಡೆ ನಿಲ್ಲುತ್ತಾರೆ ನೋಡಿ. ತೋಳು ಸಾಲದ ತಂಡ ಮುಖ್ಯ ರೂಟ್‌ಗಳನ್ನು ಹ್ಯಾಶ್‌ಗೆ ಹತ್ತಿರದ ಅಂಚಿಗೇ ಕಳಿಸುತ್ತದೆ. ಅಲ್ಲಿ ಜಾಗ ಇಕ್ಕಟ್ಟು, ಆದರೆ ಚೆಂಡು ತಲುಪುತ್ತದೆ.